ಮರಿಗೆ ಇಟ್ಟ ಹೆಸರು

ನನ್ನ ಗಂಡನ ಅಕ್ಕ, ಅಂದರೆ ನನ್ನ ಅತ್ತಿಗೆ, ಬಸವನಹುಳುಗಳಿಗೆ ಹೆಸರಿಡುವ ಕೆಲಸದಲ್ಲಿದ್ದಾರೆ. ಮದುವೆಗೆ ಮುಂಚೆ ಇದನ್ನು ಕೇಳಿದಾಗ ಯಾರೋ ತಮಾಷೆ ಮಾಡುತ್ತಿದ್ದಾರೆ ಅಂದುಕೊಂಡಿದ್ದೆ. ಆಮೇಲೆ ಅವರ ಕೋಣೆ ನೋಡಿದೆ. ಮ್ಯೂಸಿಯಂನ ಹಿಂಭಾಗದಲ್ಲಿ, ನೋಡಲು ಬಂದವರು ಯಾರೂ ಕಾಲಿಡದ ಕಡೆ, ನೆಲದಿಂದ ಸೂರಿನವರೆಗೆ ಮರದ ಬೀರುಗಳು. ಬೀರುಗಳ ತುಂಬ ತೆಳ್ಳನೆಯ ಡ್ರಾಯರುಗಳು, ಡ್ರಾಯರುಗಳ ತುಂಬ ಗಾಜಿನ ಪುಟ್ಟ ಕೊಳವೆಗಳು, ಒಂದೊಂದರಲ್ಲೂ ಹತ್ತಿಯ ಮೇಲೆ ಮಲಗಿದ ಒಂದೊಂದು ಚಿಪ್ಪು. ಬಸುರಿಯಾಗಿದ್ದ ನನಗೆ ಅಲ್ಲಿನ ಸ್ಪಿರಿಟ್ಟಿನ ವಾಸನೆಗೆ ತಲೆ ಸುತ್ತಿತು. ಮಗುವಿಗೆ ಏನಾದರೂ ಆಗಿಬಿಟ್ಟರೆ ಅಂತ ಹೆದರಿ ಆಚೆ ಬಂದು ಮೆಟ್ಟಿಲ ಮೇಲೆ ಕೂತೆ. ಅತ್ತಿಗೆ ನೀರು ತಂದುಕೊಟ್ಟು, "ವಾಸನೆಗೆ ಮಗು ಕೆಡಲ್ಲ. ನೀನು ಪಡ್ತಿರೋ ಚಿಂತೆಗೆ ಬೇಕಾದ್ರೆ ಕೆಡಬಹುದು" ಅಂದರು. ಅವರ ಮಾತೇ ಹಾಗೆ. ಸಮಾಧಾನವನ್ನೂ ಚುಚ್ಚಿಯೇ ಹೇಳುತ್ತಾರೆ.

ಅವರ ಕೆಲಸ ನನಗೆ ಅರ್ಥವಾದಷ್ಟು ಹೀಗೆ. ಒಂದು ಜೀವಿಗೆ ಊರಿಗೊಂದು ಹೆಸರಿರುತ್ತದೆ, ಅದನ್ನು ನಂಬಿಕೊಂಡರೆ ವಿಜ್ಞಾನಿಗಳ ಕೆಲಸ ನಡೆಯುವುದಿಲ್ಲ. ಅದಕ್ಕೇ ಪ್ರಪಂಚಕ್ಕೆಲ್ಲ ಒಂದೇ ಆದ, ಲ್ಯಾಟಿನ್ ಧಾಟಿಯ, ಎರಡು ಪದದ ಹೆಸರು. ಮೊದಲ ಪದ ಮನೆತನದ ಹಾಗೆ, ಹತ್ತಿರದ ನೆಂಟರಿಗೆಲ್ಲ ಸೇರಿದ್ದು. ಎರಡನೆಯದು ಆ ಒಂದು ಜಾತಿಗೆ ಮಾತ್ರ. ಹೊಸದು ಸಿಕ್ಕಿದೆ ಅನ್ನಿಸಿದರೆ ಅದರ ನೆಂಟರನ್ನೆಲ್ಲ ಡ್ರಾಯರಿನಿಂದ ಎಬ್ಬಿಸಿ ಪಕ್ಕದಲ್ಲಿ ಸಾಲಾಗಿ ಕೂರಿಸಿ, ಇದು ಅದಲ್ಲ, ಅದೂ ಅಲ್ಲ ಎಂದು ತೋರಿಸಬೇಕು. ಕೊನೆಗೆ ಒಂದೇ ಒಂದು ಚಿಪ್ಪನ್ನು ಆರಿಸಿ, ಈ ಹೆಸರು ಅಂದರೆ ಇದು ಎಂದು ಅಚ್ಚಿನಲ್ಲಿ ಸಾರಬೇಕು. ಆ ಚಿಪ್ಪಿನ ಜೊತೆ ಕೆಂಪು ಚೀಟಿ. ಮುಂದೆ ಯಾರಿಗೆ ಅನುಮಾನ ಬಂದರೂ ಆ ಚಿಪ್ಪಿನ ಹತ್ತಿರವೇ ಬಂದು ಕೇಳಬೇಕು. ಒಂದೇ ಜೀವಿಗೆ ಇಬ್ಬರು ಹೆಸರಿಟ್ಟಿದ್ದರೆ ಮೊದಲು ಇಟ್ಟವರದ್ದು ನಿಲ್ಲುತ್ತದೆ. ಪ್ರೀತಿಯ ಯಾರದಾದರೂ ಹೆಸರನ್ನು ಇಡಬಹುದು, ತಮ್ಮ ಹೆಸರನ್ನು ತಾವೇ ಇಟ್ಟುಕೊಳ್ಳುವುದು ಮಾತ್ರ ಆ ಜನರಲ್ಲಿ ಮಾನಗೇಡಿನ ಕೆಲಸ.

ಅತ್ತಿಗೆ ತಮ್ಮ ಅಮ್ಮನ, ಅಂದರೆ ನನ್ನ ಅತ್ತೆಯ, ಹೆಸರನ್ನು ಇಟ್ಟರು.

ಅತ್ತೆಗೆ ಹೃದಯದ ಆಪರೇಷನ್ ಎಂದು ನಿಕ್ಕಿಯಾಗಿದ್ದ ದಿನಗಳು ಅವು. ಗುಡ್ಡದ ಕಲ್ಲುಗಣಿಯ ಬಿರುಕಿನಲ್ಲಿ ಬೇಸಿಗೆಯಲ್ಲಿ ಸಿಕ್ಕಿದ ಬೆರಳೆಣಿಕೆಯ ಬಸವನಹುಳುಗಳು ಅತ್ತಿಗೆಯ ಮೇಜಿನ ಮೇಲಿದ್ದವು. ಚಿಕ್ಕವು, ಚಿಪ್ಪಿನ ಮೇಲೆ ನವಿರಾದ ರೋಮ, ನಡುವಿನಲ್ಲಿ ಸುತ್ತಲೂ ಒಂದು ಏಣು, ಬಾಯಂಚಿನಲ್ಲಿ ಸಣ್ಣ ದಪ್ಪ ತುಟಿ. ಅಂಥದ್ದು ಯಾವ ಡ್ರಾಯರಿನಲ್ಲೂ ಇರಲಿಲ್ಲ. ಆಪರೇಷನ್‌ಗೆ ಕರೆದುಕೊಂಡು ಹೋಗುವ ಬೆಳಿಗ್ಗೆ ಅತ್ತಿಗೆ ಅಚ್ಚಾದ ಹಾಳೆಯನ್ನು ಅತ್ತೆಯ ಕೈಯಲ್ಲಿಟ್ಟರು. ಅತ್ತೆ ಕನ್ನಡಕ ಇಲ್ಲದೆ ಅದನ್ನು ದೂರ ಹಿಡಿದು, ಹತ್ತಿರ ಹಿಡಿದು, "ಇದರಲ್ಲಿ ನಾನು ಎಲ್ಲಿದೀನಿ?" ಅಂತ ಕೇಳಿದರು. ಅತ್ತಿಗೆ ಬೆರಳಿಟ್ಟು ತೋರಿಸಿದರು. ಬಾಲಕ್ಕೆ ಎರಡು ಲ್ಯಾಟಿನ್ ಅಕ್ಷರ ಅಂಟಿಸಿಕೊಂಡು ಅತ್ತೆ ಅಲ್ಲಿದ್ದರು.

ಅತ್ತೆ ಹುಷಾರಾಗಿ ಬಂದರು. ಬಂದ ಮೇಲೆ ಅವರ ಬಾಯಿಗೆ ಬೀಗವೇ ಇರಲಿಲ್ಲ. ಡ್ರೆಸ್ಸಿಂಗ್ ಬದಲಿಸುವ ನರ್ಸಿಗೆ, ರವಿಕೆ ಹೊಲಿಯುವ ಟೈಲರ್‌ಗೆ, ಬಸ್ಸಿನಲ್ಲಿ ಪಕ್ಕ ಕೂತವರಿಗೆ, "ಪ್ರಪಂಚದ ಯಾವ ದೇಶಕ್ಕೆ ಹೋಗಿ ಕೇಳಿ, ಅದಕ್ಕೆ ನನ್ನ ಹೆಸರೇ" ಅನ್ನುವರು. ಟೈಲರ್, "ನಿಮ್ಮ ಹಾಗೇ ನಿಧಾನವಾ ಅಮ್ಮ ಅದೂ?" ಅಂದರೆ, "ನೀನು ರವಿಕೆ ಕೊಡೋದಕ್ಕಿಂತ ಬೇಗ ನಡೆಯುತ್ತೆ" ಅಂದು ಬರುವರು.

ಮಳೆಗಾಲದಲ್ಲಿ ಅತ್ತಿಗೆ ಅದೇ ಗಣಿಯಿಂದ ಜೀವಂತ ಎರಡನ್ನು ಗಾಜಿನ ಪೆಟ್ಟಿಗೆಯಲ್ಲಿ ಮನೆಗೆ ತಂದರು, ಅಮ್ಮ ಕಣ್ಣಾರೆ ನೋಡಲಿ ಅಂತ. ನನ್ನ ಮಗಳು ಆಗಷ್ಟೇ ಅಂಬೆಗಾಲಿಡುತ್ತಿದ್ದಳು. ನೆಲದ ಮೇಲಿನ ದಾರವನ್ನೂ ಬಿಡದೆ ಬಾಯಿಗೆ ಹಾಕಿಕೊಳ್ಳುವವಳು. ಬಸವನಹುಳುವಿನಿಂದ ಮಿದುಳಿಗೆ ಹುಳ ಹೋಗುತ್ತದೆ ಅಂತ ನಾನು ಎಲ್ಲೋ ಓದಿದ್ದೆ. ಪೆಟ್ಟಿಗೆಯನ್ನು ಫ್ರಿಜ್ಜಿನ ಮೇಲೆ ಇಡಿಸಿದೆ. ಮುಚ್ಚಳಕ್ಕೆ ರಬ್ಬರ್‌ಬ್ಯಾಂಡು ಹಾಕಿಸಿದೆ. ಅತ್ತೆ ಅದನ್ನು ಮುಟ್ಟಿದ ಮೇಲೆ ಸೋಪು ಹಚ್ಚಿ ಕೈ ತೊಳೆದರೋ ಇಲ್ಲವೋ ಅಂತ ಅವರ ಹಿಂದೆಯೇ ತಿರುಗಿದೆ. "ನಾನೂ ಇಬ್ಬರನ್ನ ಹೆತ್ತು ಸಾಕಿದೋಳೇ ಕಣಮ್ಮ" ಅಂತ ಅತ್ತೆ ಮುಖ ಊದಿಸಿಕೊಂಡರೂ ಕೈ ತೊಳೆಯುವರು.

ಅಷ್ಟರಲ್ಲಿ ಅತ್ತಿಗೆ ದೂರದ ಕಾಡುಗಳ ಸರ್ವೆಗೆ ಹೋದರು. ತಿಂಗಳುಗಟ್ಟಲೆ ಬರಲಿಲ್ಲ. ಅತ್ತೆ ಸೌತೆಕಾಯಿ ಸಿಪ್ಪೆ, ಎಲೆಕೋಸಿನ ಎಳೆ ಎಲೆ, ಪುಡಿ ಮಾಡಿದ ಮೊಟ್ಟೆಯೋಡು ಹಾಕಿ, ಬೆಳಿಗ್ಗೆ ಸಂಜೆ ನೀರು ಚಿಮುಕಿಸಿ ಅವನ್ನು ಸಾಕಿದರು. ಅವು ಬೆಳೆದವು. ಸಾಕಿದ್ದು ಬೆಳೆಯಬೇಕಲ್ಲ, ಅದರಲ್ಲೇನು ವಿಶೇಷ ಅಂತ ನಾವಿಬ್ಬರೂ ಅಂದುಕೊಂಡೆವು.

ಅತ್ತಿಗೆ ವಾಪಸಾದ ದಿನ ಚೀಲ ಕೆಳಗಿಡುವ ಮೊದಲೇ ಅತ್ತೆ ಕೂಗಿದರು. "ಬಾರೇ ಇಲ್ಲಿ, ನನ್ನ ಮಕ್ಕಳನ್ನ ನೋಡು. ಹೇಗೆ ಕೊಬ್ಬಿದಾವೆ."

ಅತ್ತಿಗೆ ನಗುತ್ತಲೇ ಬಗ್ಗಿದರು. ಬಗ್ಗಿದವರು ಹಾಗೇ ಉಳಿದರು. ಕೊರಳಲ್ಲಿ ನೇತಾಡುವ ಪುಟ್ಟ ಮಸೂರವನ್ನು ಕಣ್ಣಿಗೆ ಹಿಡಿದು ಒಂದನ್ನು ನೋಡಿದರು, ಇನ್ನೊಂದನ್ನು ನೋಡಿದರು, ಮತ್ತೆ ಮೊದಲನೆಯದನ್ನು ನೋಡಿದರು. ಎದ್ದು ಬಚ್ಚಲಿಗೆ ಹೋಗಿ ಬಾಗಿಲು ಹಾಕಿಕೊಂಡರು. ನಲ್ಲಿ ಬಿಟ್ಟ ಸದ್ದು ನಿಲ್ಲಲೇ ಇಲ್ಲ. ನನಗೆ ತಟ್ಟನೆ ಹೊಳೆದದ್ದು ಕಾಡಿನ ಜ್ವರ. ಮಗುವನ್ನು ಎತ್ತಿಕೊಂಡು ಕೋಣೆ ಸೇರಿದೆ.

ಮರುದಿನ ಬೆಳಿಗ್ಗೆ ಬಾಲ್ಕನಿಯಲ್ಲಿ ಬಟ್ಟೆ ಒಣಹಾಕುವಾಗ ಅವರು ಬಂದು ಪಕ್ಕದಲ್ಲಿ ನಿಂತರು. ನಾನು ಒಂದು ಹೆಜ್ಜೆ ಸರಿದೆ.

"ಅತ್ತಿಗೆ, ಜ್ವರ ಇದೆಯಾ? ಇದ್ರೆ ಹೇಳಿಬಿಡಿ. ಮಗು ಇರೋ ಮನೆ."

"ಜ್ವರ ಆಗಿದ್ರೆ ಚೆನ್ನಾಗಿತ್ತು."

"ಮತ್ತೆ?"

"ಅದು ಮರಿ ಕಣೇ. ನಾನು ಮರಿಗೆ ಹೆಸರಿಟ್ಟಿದೀನಿ."

ಆ ಗುಡ್ಡದಲ್ಲಿ ಎಲ್ಲೆಂದರಲ್ಲಿ ಸಿಗುವ, ಅವರು 'ಬಿಳಿತುಟಿ' ಅನ್ನುವ ಒಂದು ಬಸವನಹುಳು ಇದೆ. ದೊಡ್ಡದು, ಕಂದು, ನುಣುಪು, ಬಾಯಂಚು ಹೊರಕ್ಕೆ ಮಡಿಚಿ ಬೆಳ್ಳಗಿರುತ್ತದೆ. ನೂರು ವರ್ಷದ ಹಿಂದೆಯೇ ಯಾರೋ ಅದಕ್ಕೆ ಹೆಸರಿಟ್ಟಾಗಿದೆ. ಅತ್ತೆ ಸಾಕಿದ್ದು ಈಗ ಅದೇ ಆಗಿತ್ತು. ಚಿಪ್ಪಿನ ಒಳಸುತ್ತುಗಳಲ್ಲಿ ಅಲ್ಲಲ್ಲಿ ಆ ರೋಮ, ಆ ಏಣು ಇನ್ನೂ ಇದ್ದವು. ಆಮೇಲೆ ಒಂದು ಗೆರೆ. ಗೆರೆಯಿಂದಾಚೆಗೆ ನುಣುಪಾದ ಕಂದು, ಕೊನೆಯಲ್ಲಿ ಬಿಳಿ ತುಟಿ. ಬೇಸಿಗೆಯಲ್ಲಿ ನೀರಿಲ್ಲದಾಗ ಮರಿಗಳು ಬೆಳೆಯುವುದನ್ನು ನಿಲ್ಲಿಸಿ ಬಾಯಂಚನ್ನು ಸ್ವಲ್ಪ ದಪ್ಪ ಮಾಡಿಕೊಂಡು ಮಲಗಿಬಿಡುತ್ತವಂತೆ. ಆ ತಾತ್ಕಾಲಿಕ ಅಂಚನ್ನೇ ಅತ್ತಿಗೆ ಪೂರ್ತಿ ಬೆಳೆದ ಪ್ರಾಣಿಯ ತುಟಿ ಎಂದು ಬರೆದಿದ್ದರು.

"ಒಳಗೆ ಬಿಚ್ಚಿ ನೋಡಿದ್ರೆ ಗೊತ್ತಾಗ್ತಿತ್ತು" ಅಂದರು. "ಮೊಟ್ಟೆಯಿಡೋ ಅಂಗ ಬೆಳೆದಿದೆಯಾ ಇಲ್ವಾ ಅಂತ. ಅರ್ಧ ದಿನದ ಕೆಲಸ. ನಾನು ಬಿಚ್ಚಲಿಲ್ಲ."

ಇದರಲ್ಲಿ ಅಳುವಂಥದ್ದೇನಿದೆ ಅಂತ ನನಗೆ ಅನ್ನಿಸಿತು. "ಯಾರಿಗೆ ಗೊತ್ತಾಗುತ್ತೆ ಅತ್ತಿಗೆ? ಆ ಡ್ರಾಯರ್ ಯಾರು ತೆಗೀತಾರೆ?"

"ನಾನೊಬ್ಬಳೇ."

"ಹಾಗಾದ್ರೆ ಆಯ್ತಲ್ಲ."

"ದಿನಾ ತೆಗೀಬೇಕಲ್ಲ."

ಅವರಿಗೆ ಅಷ್ಟೊಂದು ನಾಚಿಕೆ ಯಾಕೆ ಅನ್ನುವುದಕ್ಕೆ ಇನ್ನೊಬ್ಬರ ವಿಷಯ ಹೇಳಬೇಕು. ಅದೇ ಮ್ಯೂಸಿಯಂನಲ್ಲಿ ಇವರಿಗಿಂತ ಹಿರಿಯರಾದ ಒಬ್ಬ ವಿಜ್ಞಾನಿ ಇದ್ದಾರೆ. ಹಿಂದೊಮ್ಮೆ ಅವರು ಒಂದು ಕೆರೆಯ ಶಂಖದ ಹುಳುವನ್ನು ಹೊಸದೆಂದು ಹೆಸರಿಟ್ಟಾಗ, ತಿಂಗಳ ಸಭೆಯಲ್ಲಿ ಅತ್ತಿಗೆ ಎದ್ದು ನಿಂತು, "ಒಳಗೆ ಬಿಚ್ಚಿ ನೋಡಿದ್ರಾ ಸರ್, ಇಲ್ಲಾ ಮುದ್ದಾಗಿದೆ ಅಂತ ಹೆಸರಿಟ್ರಾ?" ಎಂದು ಕೇಳಿ, ಅದು ಬರಿಯ ಮರಿ ಎಂದು ಎಲ್ಲರ ಮುಂದೆ ತೋರಿಸಿಕೊಟ್ಟಿದ್ದರು. ಸಭೆ ಬಿದ್ದು ಬಿದ್ದು ನಕ್ಕಿತ್ತು. ಅವತ್ತಿನಿಂದ ಅವರು ಮರಿ ಮೇಷ್ಟ್ರು. ಗೇಟಿನ ಕಾವಲಿನವರೂ ಅವರನ್ನು ಹಾಗೇ ಅನ್ನುತ್ತಾರೆ. ಆ ಹೆಸರೂ ಅತ್ತಿಗೆ ಇಟ್ಟದ್ದೇ. ನಮ್ಮ ಮನೆಯ ಊಟದ ಮೇಜಿನಲ್ಲಿ ಅವರನ್ನು ಅಣಕಿಸಿ ತೋರಿಸಿದ್ದನ್ನು ನಾನೇ ನೋಡಿದ್ದೇನೆ, ನಕ್ಕೂ ಇದ್ದೇನೆ.

ಅತ್ತಿಗೆ ಆ ವಾರವೆಲ್ಲ ಸರಿಯಾಗಿ ಉಣ್ಣಲಿಲ್ಲ. ಅತ್ತೆ ಫ್ರಿಜ್ಜಿನ ಹತ್ತಿರ ನಿಂತು "ತಿನ್ನಿ ತಿನ್ನಿ, ಹೆಸರು ಉಳಿಸಬೇಕು ನೀವು" ಅಂತ ಎಲೆ ಹಾಕುವಾಗ ಅತ್ತಿಗೆ ತಟ್ಟೆ ಬಿಟ್ಟು ಎದ್ದು ಹೋಗುವರು. ನನಗೋ, ಹೇಳಿದರೆ ಅತ್ತೆಯ ಎದೆಗೆ ಏನಾಗುತ್ತದೋ ಎಂಬ ಭಯ. "ಈಗ ಬೇಡ, ಚೆಕಪ್ ಮುಗೀಲಿ" ಅಂತ ಅತ್ತಿಗೆಗೆ ನಾನೇ ಹೇಳಿದೆ. ಚೆಕಪ್ ಮುಗಿಯಿತು. ಎದೆ ಗಟ್ಟಿಯಾಗಿದೆ ಅಂದರು ಡಾಕ್ಟರು. ಆಮೇಲೆ ಹೇಳದೇ ಇರಲು ನೆಪ ಉಳಿಯಲಿಲ್ಲ.

ಅಡುಗೆಮನೆಯ ಮೇಜಿನ ಮುಂದೆ ಅತ್ತೆ ಬಟಾಣಿ ಬಿಡಿಸುತ್ತಿದ್ದರು. ಅತ್ತಿಗೆ ಎದುರಿಗೆ ಕೂತು ಹೇಳಿದರು. ಎಲ್ಲ ಕೇಳಿ ಅತ್ತೆ ಮೊದಲು ಅಂದದ್ದು, "ನಾನೇನಾದ್ರೂ ತಿನ್ನಬಾರದ್ದು ಹಾಕಿದ್ನಾ?"

"ಇಲ್ಲಮ್ಮ. ಚೆನ್ನಾಗಿ ಸಾಕಿದೀಯ. ಅದಕ್ಕೇ ಗೊತ್ತಾಗಿದ್ದು."

"ಹಾಗಾದ್ರೆ ನನ್ನ ಹೆಸರು ಹೋಯ್ತಾ?"

"ಪೂರ್ತಿ ಹೋಗಲ್ಲ. ಹಳೇ ಹೆಸರಿನ ಕೆಳಗೆ, ತಪ್ಪಾಗಿ ಇಟ್ಟಿದ್ದು ಅಂತ ಉಳಿಯುತ್ತೆ."

ಅತ್ತೆ ಒಂದು ಕಾಯಿ ಬಿಡಿಸಿದರು. "ಆ ಮೇಷ್ಟ್ರನ್ನ ಇದಕ್ಕೇ ತಾನೇ ಆಡಿಕೊಂಡು ನಗ್ತಿದ್ದೆ? ಬಿಚ್ಚಿ ನೋಡಲಿಲ್ಲ, ಬಿಚ್ಚಿ ನೋಡಲಿಲ್ಲ ಅಂತ. ನೀನು ಯಾಕೆ ನೋಡಲಿಲ್ಲ?"

"ಟೈಮಿರಲಿಲ್ಲ."

"ನಿನಗಾ? ಒಂದು ಚಿಪ್ಪು ಹಿಡ್ಕೊಂಡು ವರ್ಷ ಕೂರೋಳಿಗೆ?"

ಅತ್ತಿಗೆ ಮೇಜಿನ ಮೇಲಿನ ಸಿಪ್ಪೆಗಳನ್ನು ಒಂದರ ಪಕ್ಕ ಒಂದು ಜೋಡಿಸುತ್ತಿದ್ದರು. "ನಿನ್ನ ಆಪರೇಷನ್ ಇತ್ತಲ್ಲಮ್ಮ" ಅಂದರು.

ಅತ್ತೆಯ ಕೈ ನಿಂತಿತು. ನಾನು ಮಗುವನ್ನು ತಬ್ಬಿಕೊಂಡು ಬಾಗಿಲಲ್ಲೇ ನಿಂತಿದ್ದೆ. ಒಳಗೆ ಹೋಗಲೂ ಆಗದೆ ಆಚೆ ಬರಲೂ ಆಗದೆ.

"ಓಹೋ" ಅಂದರು ಅತ್ತೆ. "ಮುದುಕಿ ಹೋಗೋದ್ರೊಳಗೆ ಕೊಟ್ಟುಬಿಡೋಣ ಅಂತ."

ಅತ್ತಿಗೆ ಸಿಪ್ಪೆಯ ಸಾಲಿಗೆ ಇನ್ನೊಂದನ್ನು ಸೇರಿಸಿದರು.

"ಹೋಗಲಿಲ್ಲವಲ್ಲ ನಾನು. ನಿನಗೆ ಫಜೀತಿ."

ನಗುತ್ತಲೇ ಅಂದರು. ಆದರೆ ಅರ್ಧ ಬಿಡಿಸಿದ ಬಟಾಣಿ ಅಲ್ಲೇ ಬಿಟ್ಟು ಎದ್ದು ಹೋದರು. ಮಗಳು ತಮ್ಮನ್ನು ಸತ್ತವರ ಲೆಕ್ಕಕ್ಕೆ ಹಾಕಿದ್ದಳು ಎನ್ನುವುದು ಹೆಸರು ಹೋದದ್ದಕ್ಕಿಂತ ಅವರಿಗೆ ಹೆಚ್ಚು ತಾಗಿತು. ಆಪರೇಷನ್‌ಗೆ ಮುಂಚೆ ನಾವೆಲ್ಲರೂ ಆ ಲೆಕ್ಕ ಹಾಕಿದವರೇ. ನಾನು ಮಗುವನ್ನು ಅವರ ತೊಡೆಯ ಮೇಲೆ ಕೂರಿಸಿ ಅಷ್ಟೊಂದು ಫೋಟೋ ತೆಗೆದದ್ದು ಇನ್ಯಾಕೆ? ಆ ಹೊತ್ತಿನಲ್ಲಿ ಅತ್ತಿಗೆಯ ಮುಖ ನೋಡಲು ನನಗೂ ಆಗಲಿಲ್ಲ.

ಆಮೇಲೆ ತಾಯಿ ಮಗಳ ಮಾತು ನನ್ನ ಮೂಲಕ ನಡೆಯತೊಡಗಿತು. "ಅವಳಿಗೆ ಹೇಳು, ಟವಲ್ ಒಣಗಿದೆ ಅಂತ." "ಅವಳನ್ನ ಕೇಳು, ಊಟಕ್ಕಿರ್ತಾಳಾ ಅಂತ." ಅತ್ತೆ ಟೈಲರ್ ಅಂಗಡಿಯ ಬೀದಿ ಬಿಟ್ಟು ಸುತ್ತುಬಳಸಿ ತರಕಾರಿಗೆ ಹೋಗುವರು. ತಪ್ಪು ಒಪ್ಪಿಕೊಂಡು ಅಚ್ಚಿಗೆ ಕಳಿಸಲು ಅತ್ತಿಗೆಗೆ ಬೆಳೆದ ಒಂದು ಹುಳು ಬೇಕಿತ್ತು. ಸ್ಪಿರಿಟ್ಟಿನಲ್ಲಿಟ್ಟು, ಬಿಚ್ಚಿ, ಸಾಕ್ಷಿಯಾಗಿ ಡ್ರಾಯರಿಗೆ ಸೇರಿಸಬೇಕು. ಕೇಳಲು ಬಾಯಿ ಬರದೆ ಅವರು ಫ್ರಿಜ್ಜಿನ ಮುಂದೆ ಸುಮ್ಮನೆ ನಿಂತಿದ್ದರು. ಅತ್ತೆ ಸೋಫಾದಿಂದಲೇ ನನಗೆ ಅಂದರು, "ಅವಳಿಗೆ ಹೇಳು, ದೊಡ್ಡದನ್ನ ತಗೊಂಡು ಹೋಗ್ಲಿ. ಚಿಕ್ಕದು ಹಸಿವು ತಡೆಯಲ್ಲ, ಅದು ಇಲ್ಲೇ ಇರ್ಲಿ." ಆಗ ಮಾಡದೆ ಬಿಟ್ಟ ಕೆಲಸವನ್ನು ಅತ್ತಿಗೆ ಈಗ ಮಾಡಿದರು, ಬಿಚ್ಚಿ ನೋಡಿದರು. ಅನುಮಾನಕ್ಕೆ ಜಾಗವೇ ಇರಲಿಲ್ಲ.

ಬರೆದು ಕಳಿಸಿದ್ದರೆ ಸಾಕಿತ್ತು. ಪತ್ರಿಕೆಯಲ್ಲಿ ಸಣ್ಣದಾಗಿ ಬಂದು ಹೋಗುತ್ತಿತ್ತು. ಅತ್ತಿಗೆ ತಿಂಗಳ ಸಭೆಯಲ್ಲೇ ಹೇಳುತ್ತೇನೆ ಅಂದರು. "ನಿಂತ್ಕೊಂಡು ನಕ್ಕಿದೀನಿ, ಕೂತ್ಕೊಂಡು ಒಪ್ಪಿಕೊಂಡ್ರೆ ಆಗಲ್ಲ" ಅಂತ. ಅತ್ತೆ ನನಗೆ, "ಅವಳಿಗೆ ಹೇಳು, ನಾನೂ ಬರ್ತೀನಿ" ಅಂದರು. ಅತ್ತೆಯನ್ನು ಒಬ್ಬರೇ ಬಿಡುವ ಹಾಗಿಲ್ಲ, ಮಗುವನ್ನು ಯಾರ ಹತ್ತಿರವೂ ಬಿಡುವ ಧೈರ್ಯ ನನಗಿಲ್ಲ. ಹಾಗಾಗಿ ಎಲ್ಲರೂ ಹೊರಟೆವು. ಬಿಸಿನೀರು, ಬಿಸ್ಕತ್ತು, ಎರಡು ಜೊತೆ ಬಟ್ಟೆ ತುಂಬಿದ ನನ್ನ ಚೀಲವನ್ನು ಕಾವಲಿನವರು ಅನುಮಾನದಿಂದ ನೋಡಿದರು.

ಸಭೆಯ ಕೋಣೆ ಅಂದರೆ ಉದ್ದ ಮೇಜು, ಮಡಚುವ ಕುರ್ಚಿಗಳು, ಗೋಡೆಗೆ ಒಂದು ಬಿಳಿ ಪರದೆ. ಮೇಜಿನ ತಲೆಯಲ್ಲಿ ಮರಿ ಮೇಷ್ಟ್ರು. ನಾನು ಮನಸ್ಸಿನಲ್ಲಿ ಕಲ್ಪಿಸಿಕೊಂಡಿದ್ದ ಕೋಡಂಗಿ ಅವರಲ್ಲ. ಇಸ್ತ್ರಿ ಮಾಡಿದ ಅಂಗಿಯ, ಕಾಗದಗಳನ್ನು ಅಂಚಿಗೆ ಅಂಚು ಸೇರಿಸಿಟ್ಟುಕೊಳ್ಳುವ ವಯಸ್ಸಾದ ಮನುಷ್ಯ. ನಾವು ಮೂವರೂ ಕೊನೆಯ ಸಾಲಿನಲ್ಲಿ ಕೂತೆವು. ಮಗಳ ಬಾಯಿಗೆ ಬಿಸ್ಕತ್ತು ತುರುಕುತ್ತಾ ನಾನು ಬೆವರುತ್ತಿದ್ದೆ.

ಅತ್ತಿಗೆ ಎದ್ದರು. ಪರದೆಯ ಮೇಲೆ ಎರಡು ಚಿಪ್ಪಿನ ಚಿತ್ರ ಬಂತು. "ಎಡಗಡೆಯದು ನಾನು ಹೊಸ ಪ್ರಭೇದ ಅಂತ ಹೆಸರಿಟ್ಟಿದ್ದು. ಬಲಗಡೆಯದು ಅದೇ ಗಣಿಯಿಂದ ತಂದ ಅಂಥದ್ದೇ ಒಂದು, ಮನೆಯಲ್ಲಿ ಬೆಳೆದ ಮೇಲೆ. ಇದು ಬಿಳಿತುಟಿ. ನನ್ನ ಹೆಸರು ನಿಲ್ಲಲ್ಲ" ಅಂದರು. ಯಾವಾಗಲೂ ಸಭೆಗೆಲ್ಲ ಕೇಳುವ ಆ ಗಂಟಲು ಅವತ್ತು ನಮ್ಮ ಸಾಲಿಗೆ ತಲುಪಲು ಕಷ್ಟಪಟ್ಟಿತು.

ಯಾರೋ ಕೆಮ್ಮಿದರು. ಜೀರುಂಡೆಗಳ ವಿಭಾಗದ ಹೆಂಗಸೊಬ್ಬರು, "ಹೆಸರಿಡೋ ಮುಂಚೆ ಒಳಗೆ ಬಿಚ್ಚಿ ನೋಡಿರಲಿಲ್ವಾ?" ಎಂದು ಕೇಳಿದರು. ಕೇಳಿದ ಧಾಟಿಯಲ್ಲಿ ಸಣ್ಣ ಸಂತೋಷವಿತ್ತು. ಅಲ್ಲಲ್ಲಿ ನಗು ಎದ್ದಿತು. ಕೆಲವರು ಮರಿ ಮೇಷ್ಟ್ರ ಕಡೆ ನೋಡಿದರು. ಅವರು ಕಾಗದದಿಂದ ತಲೆ ಎತ್ತಲಿಲ್ಲ.

"ಇಲ್ಲ" ಅಂದರು ಅತ್ತಿಗೆ.

"ಯಾಕೆ?"

"ಅವಸರ ಮಾಡಿದೆ."

"ನೀವಾ? ಅಂಥ ಅವಸರ ಏನಿತ್ತು?"

ಅತ್ತಿಗೆ ಕಿವಿಯವರೆಗೆ ಕೆಂಪಾಗಿದ್ದರು. ಕಾರಣ ಹೇಳಿದರೆ ಎಲ್ಲರೂ ಅಯ್ಯೋ ಪಾಪ ಅಂದುಬಿಡುತ್ತಾರೆ ಅಂತ ಅವರಿಗೆ ಗೊತ್ತಿತ್ತು. ಆ ಪಾಪ ಅವರಿಗೆ ಬೇಕಿರಲಿಲ್ಲ. "ಹೇಳಿಕೊಳ್ಳುವಂಥ ಕಾರಣ ಅಲ್ಲ" ಅಂದರು.

ಆಗ ನನ್ನ ಪಕ್ಕದಿಂದ ಅತ್ತೆ, ಎದ್ದು ನಿಲ್ಲದೆಯೇ, ತರಕಾರಿ ಅಂಗಡಿಯಲ್ಲಿ ಕೇಳುವಷ್ಟು ಜೋರಾಗಿ ಅಂದರು, "ನಾನು ಸಾಯ್ತೀನಿ ಅಂದ್ಕೊಂಡಿದ್ಲು."

ಕೋಣೆ ನಕ್ಕಿತು. ಆಮೇಲೆ ಅರ್ಥವಾಗಿ, ನಿಂತಿತು. ಅತ್ತಿಗೆ ತಲೆ ತಗ್ಗಿಸಿಕೊಂಡೇ ಇದ್ದರು. ಅತ್ತೆ ಹೇಳಿದ್ದು ಮಗಳನ್ನು ಉಳಿಸಿಕೊಳ್ಳಲೋ, ಚುಚ್ಚಲೋ, ನನಗೆ ಈಗಲೂ ಗೊತ್ತಿಲ್ಲ. ಬಹುಶಃ ಎರಡಕ್ಕೂ.

ಮರಿ ಮೇಷ್ಟ್ರು ಕನ್ನಡಕ ಸರಿಮಾಡಿಕೊಂಡರು. "ಈಗ ಚೆನ್ನಾಗಿದೀರಲ್ಲಮ್ಮ, ಅಷ್ಟು ಸಾಕು" ಅಂದರು. "ತಿದ್ದುಪಡಿ ಒಪ್ಪಿದೆ. ಮುಂದಿನ ವಿಷಯ."

ಸಭೆ ಮುಗಿದ ಮೇಲೆ ಅತ್ತಿಗೆ ಅವರ ಹತ್ತಿರ ಹೋದರು. ನಾನು ಮಗುವಿನ ಚಪ್ಪಲಿ ಹುಡುಕುತ್ತಾ ಅಲ್ಲೇ ಕುರ್ಚಿಯ ಕೆಳಗೆ ಬಗ್ಗಿದ್ದೆ.

"ಸರ್, ಅವತ್ತು ನಾನು ನಿಮಗೆ..."

"ಬಿಡಿ."

"ಇಲ್ಲ ಸರ್. ನೀವಾದ್ರೂ ಇವತ್ತು ಏನಾದ್ರೂ ಅನ್ನಬೇಕಿತ್ತು."

ಅವರು ಕಾಗದಗಳ ಅಂಚನ್ನು ಮೇಜಿಗೆ ಕುಟ್ಟಿ ಸರಿಮಾಡಿದರು. "ನನ್ನ ಅವಸರಕ್ಕೂ ಮನೆಯಲ್ಲಿ ಒಬ್ಬರು ಕಾರಣ ಇದ್ರು" ಅಂದರು. "ನೀವು ಕೇಳಲಿಲ್ಲ, ನಾನು ಹೇಳಲಿಲ್ಲ."

"ಯಾರು ಸರ್?"

"ಮಗು ಹಸಿದಿದೆ ಅಂತ ಕಾಣುತ್ತೆ. ಮನೆಗೆ ಕರ್ಕೊಂಡು ಹೋಗಿ" ಅಂದು ಅವರು ಹೊರಟರು. ಕಾರಿಡಾರಿನಲ್ಲಿ ಯಾರೋ ಸಲೀಸಾಗಿ, "ಮರಿ ಮೇಷ್ಟ್ರೇ, ಬೀಗದ ಕೈ ಕೊಟ್ಟು ಹೋಗಿ" ಅಂದರು. ಅವರೂ ಸಲೀಸಾಗಿಯೇ ಕೊಟ್ಟರು. ಅತ್ತಿಗೆ ಕುರ್ಚಿಯ ಬೆನ್ನನ್ನು ಹಿಡಿದುಕೊಂಡಿದ್ದರು. ಬಸವನಹುಳುವಿಗೆ ಇಟ್ಟ ಹೆಸರನ್ನು ಸಭೆಯಲ್ಲಿ ಎದ್ದು ನಿಂತು ಹಿಂದಕ್ಕೆ ತೆಗೆದುಕೊಳ್ಳಬಹುದು. ಇದನ್ನು ಯಾವ ಸಭೆಯಲ್ಲಿ ತೆಗೆದುಕೊಳ್ಳುವುದು?

ಇನ್ನೊಂದು ಕೆಲಸ ಬಾಕಿ ಇತ್ತು. ಚಿಪ್ಪುಗಳ ಕೋಣೆಗೆ ಹೋಗಿ ಅತ್ತಿಗೆ ಡ್ರಾಯರ್ ಎಳೆದರು. ಕೆಂಪು ಚೀಟಿಯ ಕೊಳವೆ ತೆಗೆದು ಮೇಜಿನ ಮೇಲಿಟ್ಟರು. ಅತ್ತೆ ಬಗ್ಗಿ ನೋಡಿದರು. ಅವರು ಅದನ್ನು ನೋಡುತ್ತಿದ್ದದ್ದು ಅದೇ ಮೊದಲು.

"ನನ್ನ ಹೆಸರು ಕಿತ್ತು ಹಾಕ್ತೀಯಾ?" ನನ್ನ ಮೂಲಕ ಅಲ್ಲ, ನೇರವಾಗಿ ಮಗಳನ್ನೇ ಕೇಳಿದರು.

"ಕೀಳೋ ಹಾಗಿಲ್ಲಮ್ಮ. ಈ ಚೀಟಿ ಇರಬೇಕು. ಇದರ ಜೊತೆ ಇನ್ನೊಂದು ಇಡಬೇಕು, ಇದು ಅದೇ ಅಂತ. ನನ್ನ ಸಹಿ ಹಾಕಿ."

"ಮುಂದೆ ನೋಡೋರಿಗೆಲ್ಲ ನಿನ್ನ ತಪ್ಪು ಕಾಣುತ್ತಲ್ಲ."

"ಹೂಂ."

"ನನ್ನ ಹೆಸರಿನ ಜೊತೆ."

"ಹೂಂ."

ಅತ್ತಿಗೆ ಉಗುರಿನಗಲದ ಕಾಗದ ಕತ್ತರಿಸಿ ತೆಳು ಮೊನೆಯ ಪೆನ್ನಿನಲ್ಲಿ ಬರೆಯತೊಡಗಿದರು. ಶಾಯಿ ಹರಡಿತು. ಅದನ್ನು ಮುದುರಿ ಇನ್ನೊಂದು ಕತ್ತರಿಸಿದರು. ಅದೂ ಕೆಟ್ಟಿತು. ಅತ್ತೆ ಕುರ್ಚಿಯನ್ನು ಎಳೆದುಕೊಂಡು ಮಗಳ ಪಕ್ಕ ಕೂತರು, ಮೇಜಿನ ದೀಪವನ್ನು ಅವರ ಕೈಯ ಹತ್ತಿರಕ್ಕೆ ಸರಿಸಿದರು.

"ನಿಧಾನವಾಗಿ ಬರಿ. ಈಗೇನು ನನಗೆ ಅವಸರ ಇಲ್ಲ" ಅಂದರು.

ಅತ್ತಿಗೆ ಮೂಗು ಒರೆಸಿಕೊಂಡು ಮತ್ತೊಂದು ಕಾಗದ ಕತ್ತರಿಸಿದರು.